ಸ್ಕೋರ್‌ಕಾರ್ಡಿಗೆ ಸಹಿ ಹಾಕುವ ಮುನ್ನ

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಬಾರಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಬ್ಬರು ದಿನಚರಿಯ ಬಗ್ಗೆ, ಒಬ್ಬರು ಗಾಲ್ಫ್ ಬಗ್ಗೆ, ಇನ್ನಿಬ್ಬರು ಸುದ್ದಿ ಮತ್ತು ಚುನಾವಣೆಯ ಬಗ್ಗೆ, ಉಳಿದವರು ದೇಹದ ತೂಕದ ಬಗ್ಗೆ ಕೇಳಿದ್ದಾರೆ. ಒಂದರ ಉತ್ತರ ಇನ್ನೊಂದಕ್ಕೆ ಒದಗುವಂತಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಪ್ರಕಟಿಸುತ್ತಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಅಧಿಕಾರಿಯಾಗಿದ್ದು ಈಗ ನಿವೃತ್ತನಾಗಿದ್ದೇನೆ. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ ಮೇಲೆ ಹಳೆಯ ಸಹೋದ್ಯೋಗಿಗಳ ಜೊತೆ ಗಾಲ್ಫ್ ಆಡಲು ಶುರುಮಾಡಿದೆ. ರಾತ್ರಿ ಮಲಗುವ ಮುನ್ನ ಆ ದಿನದ ಆಟ, ಪತ್ರಿಕೆ ಮತ್ತು ಟೀವಿಯಲ್ಲಿ ಕಂಡ ಸುದ್ದಿ, ರಾಜಕೀಯದ ಬಗ್ಗೆ ನನ್ನ ಅನಿಸಿಕೆ, ಬೆಳಗಿನ ತೂಕ ಇವಿಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ತಿರುಗಿ ಓದಿದರೆ ಎಲ್ಲವೂ ಗೊಣಗಾಟದಂತೆ ಕಾಣುತ್ತದೆ. ‘ಇದನ್ನೆಲ್ಲ ಯಾರು ಓದುತ್ತಾರಪ್ಪಾ?’ ಎಂದು ಮಗಳು ಕೇಳುತ್ತಾಳೆ. ಹೀಗೆ ಬರೆಯುವುದರಿಂದ ಪ್ರಯೋಜನವಿದೆಯೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಪ್ರಯೋಜನವಿದೆ, ಆದರೆ ಗೊಣಗಾಟ ಕಡಿಮೆಯಾಗಬೇಕಾದರೆ ಬರವಣಿಗೆಗೆ ಒಂದು ಕಟ್ಟುಪಾಡು ಬೇಕು. ನೀವು ಬರೆಯುವ ನಾಲ್ಕು ವಿಷಯಗಳಲ್ಲಿ ಗಾಲ್ಫ್ ಒಂದರಲ್ಲಿ ಮಾತ್ರ ಆ ಕಟ್ಟುಪಾಡು ಆಟದ ನಿಯಮದಲ್ಲಿಯೇ ಸೇರಿಕೊಂಡಿರುವುದರಿಂದ ಅಲ್ಲಿಂದ ಆರಂಭಿಸೋಣ. ಕಬಡ್ಡಿಯಲ್ಲಿ ರೆಫರಿ ಗೆರೆಯ ಪಕ್ಕದಲ್ಲಿಯೇ ನಿಂತಿರುತ್ತಾರೆ, ಕ್ರಿಕೆಟ್ಟಿನಲ್ಲಿ ಅಂಪೈರ್ ಪ್ರತಿ ಎಸೆತವನ್ನೂ ನೋಡುತ್ತಾರೆ. ಗಾಲ್ಫ್‌ನಲ್ಲಿ ಚೆಂಡು ಪೊದೆಯೊಳಗೆ ಹೋಗಿ ಬಿದ್ದಾಗ ಆಟಗಾರನ ಪಕ್ಕದಲ್ಲಿ ಬಹುಮಟ್ಟಿಗೆ ಯಾರೂ ಇರುವುದಿಲ್ಲ. ಪಂದ್ಯದಲ್ಲಿ ಜೊತೆಗಾರನೊಬ್ಬ ನಿಮ್ಮ ಹೊಡೆತಗಳನ್ನು ಕಾರ್ಡಿನಲ್ಲಿ ಬರೆದುಕೊಳ್ಳುತ್ತಾನೆ, ಆಟ ಮುಗಿದ ಮೇಲೆ ಪ್ರತಿ ಹೋಲಿನ, ಅಂದರೆ ಚೆಂಡನ್ನು ಬೀಳಿಸಬೇಕಾದ ಪ್ರತಿ ರಂಧ್ರದ, ಅಂಕಿಯನ್ನೂ ನೀವೇ ಪರಿಶೀಲಿಸಿ ಸಹಿ ಮಾಡಬೇಕು. ಕಡಿಮೆ ಹೊಡೆತ ಹೊಡೆದವರೇ ಗೆಲ್ಲುವ ಆಟವಾದ್ದರಿಂದ, ಯಾವುದಾದರೂ ಹೋಲಿಗೆ ನಿಜಕ್ಕಿಂತ ಕಡಿಮೆ ಅಂಕಿಯಿರುವ ಕಾರ್ಡಿಗೆ ಸಹಿ ಮಾಡಿದರೆ ಅನರ್ಹತೆ. ನಿಜಕ್ಕಿಂತ ಹೆಚ್ಚು ಅಂಕಿಯಿದ್ದರೆ ಆ ಹೆಚ್ಚಿನ ಅಂಕಿಯೇ ಖಾಯಂ.

1968ರಲ್ಲಿ ಅಮೆರಿಕದ ಆಗಸ್ಟಾ ಕ್ಲಬ್ಬಿನ ಹೆಸರಾಂತ ಮಾಸ್ಟರ್ಸ್ ಗಾಲ್ಫ್ ಪಂದ್ಯದ ಕೊನೆಯ ದಿನ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೆಯ ಹೋಲನ್ನು ಮೂರು ಹೊಡೆತಗಳಲ್ಲಿ ಮುಗಿಸಿದ್ದರು. ಸುತ್ತ ನಿಂತಿದ್ದ ಜನರೂ ಟೀವಿಯ ಮುಂದಿದ್ದ ಜನರೂ ಅದನ್ನು ಕಂಡಿದ್ದರು. ಕಾರ್ಡು ಬರೆಯುತ್ತಿದ್ದ ಜೊತೆ ಆಟಗಾರ ಟಾಮಿ ಆ್ಯರನ್ ಕೈತಪ್ಪಿನಿಂದ ಅಲ್ಲಿ ನಾಲ್ಕು ಎಂದು ಬರೆದರು, ಡಿ ವಿಸೆಂಜೊ ಗಮನಿಸದೆ ಸಹಿ ಮಾಡಿದರು. 65 ಆಗಬೇಕಿದ್ದ ಮೊತ್ತ 66 ಎಂದೇ ಉಳಿಯಿತು, ಬಾಬ್ ಗೋಲ್ಬಿಯೊಡನೆ ಸಮನಾಗಿ ಮರುದಿನ ಪ್ಲೇ-ಆಫ್ (ಗೆದ್ದವರನ್ನು ತೀರ್ಮಾನಿಸುವ ಹೆಚ್ಚುವರಿ ಆಟ) ಆಡಬೇಕಿದ್ದವರು ಒಂದೇ ಅಂಕದಿಂದ ಪ್ರಶಸ್ತಿ ಕಳೆದುಕೊಂಡರು. ಅಂದು ಅವರ 45ನೆಯ ಹುಟ್ಟುಹಬ್ಬ. ನಿಯಮ ಕ್ರೂರವಾಗಿ ಕಾಣುತ್ತದೆ, ನಿಜ. ಆದರೆ ಕಣ್ಣಾರೆ ಕಂಡವರು ಎಷ್ಟೇ ಜನರಿರಲಿ, ಸಹಿ ಮಾಡಿದ ಕಾಗದವೇ ದಾಖಲೆ ಎಂಬ ಅದರ ಹಠದಲ್ಲಿ ದಿನಚರಿ ಬರೆಯುವವರು ಕಲಿಯಬೇಕಾದ ಒಂದು ಶಿಸ್ತಿದೆ ಎಂದು ನಮಗೆ ಅನಿಸುತ್ತದೆ: ಮೊದಲು ನಡೆದದ್ದನ್ನು ಅಂಕಿಯಲ್ಲಿಯೋ ಒಂದು ವಾಕ್ಯದಲ್ಲಿಯೋ ಸರಿಯಾಗಿ ಬರೆಯಬೇಕು, ಅನಿಸಿದ್ದು ಆಮೇಲೆ ಬರಲಿ.

ಗೆಳೆಯರ ಆಟದಲ್ಲಿ ಈ ಕಟ್ಟುನಿಟ್ಟು ಸಡಿಲವಾಗುತ್ತದೆ ಎಂಬುದು ನಿಮಗೆ ಹೇಳಿಕೊಡಬೇಕಾದ ಮಾತಲ್ಲ. ಮೊದಲ ಹೊಡೆತ ಕೆಟ್ಟರೆ ‘ಮುಲ್ಲಿಗನ್’ ಎಂದು ಇನ್ನೊಂದು ಹೊಡೆಯುವುದು, ಚೆಂಡು ರಂಧ್ರದ ಹತ್ತಿರಕ್ಕೆ ಬಂದಾಗ ‘ಗಿಮ್ಮಿ’ ಎಂದು ಎತ್ತಿಕೊಳ್ಳುವುದು ಎಲ್ಲ ಕ್ಲಬ್ಬುಗಳಲ್ಲಿಯೂ ಇದೆ. ಆಡಿಕೊಳ್ಳಲಿ ಬಿಡಿ, ಬೆಳಗಿನ ತಂಪಿನಲ್ಲಿ ನಾಲ್ಕು ಜನ ಹಳಬರು ನಗುತ್ತ ನಡೆಯುವುದೇ ದೊಡ್ಡದು. ಆದರೆ ರಾತ್ರಿ ನೋಟ್‌ಬುಕ್ಕಿನಲ್ಲಿ 92 ಎಂದು ಬರೆಯುವಾಗ ಅದರ ಪಕ್ಕದಲ್ಲಿ ‘ಎರಡು ಮುಲ್ಲಿಗನ್, ಮೂರು ಗಿಮ್ಮಿ’ ಎಂದೂ ಬರೆದಿಟ್ಟರೆ, ಮುಂದಿನ ವರ್ಷ ಓದುವಾಗ ಆ 92ಕ್ಕೆ ಬೆಲೆ ಇರುತ್ತದೆ.

ರಾಜಕೀಯದ ಪುಟಕ್ಕೂ ಇದನ್ನೇ ಅನ್ವಯಿಸಿ ನೋಡಿ. ‘ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಮತ್ತೆ ಮೋಸ’ ಎಂದು ಬರೆದರೆ ಅದು ಆ ದಿನದ ಸಿಟ್ಟು ಮಾತ್ರ. ಎತ್ತಿನಹೊಳೆ ಯೋಜನೆಯನ್ನೇ ತೆಗೆದುಕೊಳ್ಳಿ. ಸಕಲೇಶಪುರ ಭಾಗದ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳಿಗೆ ಕೊಡುವುದು ಅದರ ಉದ್ದೇಶ. 2012ರಲ್ಲಿ ಅಂದಾಜು 8,323 ಕೋಟಿ ರೂಪಾಯಿ, 2014ರಲ್ಲಿ ಶಂಕುಸ್ಥಾಪನೆ, 2023ರ ಹೊತ್ತಿಗೆ ಪರಿಷ್ಕೃತ ಅಂದಾಜು 23,251 ಕೋಟಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ. ಈ ನಾಲ್ಕು ಸಾಲುಗಳನ್ನು ಆಯಾ ದಿನವೇ ಬರೆದಿಟ್ಟವರ ಮನೆಯಲ್ಲಿ, ಯಾವ ಪಕ್ಷದವರು ಮತ ಕೇಳಲು ಬಂದರೂ ಎದುರಿಗೆ ಇಡಲು ಒಂದು ಪುಟ ಸಿದ್ಧವಾಗಿರುತ್ತದೆ. ಭಾಷಣ ಕೇಳಿದ ರಾತ್ರಿ ಯಾರು, ಎಲ್ಲಿ, ಯಾವ ದಿನ, ಏನನ್ನು, ಯಾವಾಗಿನ ಒಳಗೆ ಮಾಡುತ್ತೇವೆಂದರು ಎಂಬ ಐದು ಸಂಗತಿಗಳನ್ನು ಬರೆಯಿರಿ. ನಿಮ್ಮ ಅಭಿಪ್ರಾಯಕ್ಕೆ ಎಡಗಡೆಯ ಪುಟವನ್ನು ಖಾಲಿ ಬಿಟ್ಟುಕೊಳ್ಳಿ.

ಇನ್ನು ಮಗಳ ಪ್ರಶ್ನೆ. ಸದ್ಯಕ್ಕೆ ನೀವೇ ಓದುತ್ತೀರಿ, ಅಷ್ಟು ಸಾಕು. ಕೆಜಿಎಫ್‌ನ ಗಣಿ ಮುಚ್ಚಿದ 2001ರ ಫೆಬ್ರುವರಿ 28ರ ಸುತ್ತಮುತ್ತಲಿನ ದಿನಗಳಲ್ಲಿ ಅಲ್ಲಿನ ಕಾರ್ಮಿಕ ಕುಟುಂಬವೊಂದು ಮನೆಯ ಖರ್ಚು, ಅಂಗಡಿಯ ಸಾಲ, ಆಸುಪಾಸಿನ ಮಾತುಕತೆಗಳನ್ನು ಹೀಗೆ ಬರೆದಿಟ್ಟಿದ್ದರೆ ಅದನ್ನು ಇಂದು ಓದಲು ಎಷ್ಟು ಜನ ಹಾತೊರೆಯುತ್ತಿದ್ದರು ಎಂಬುದನ್ನು ಆಕೆಗೆ ಹೇಳಿ.

ಪ್ರಶ್ನೆ: ಗಾಲ್ಫ್ ಶ್ರೀಮಂತರ ಕಾಲಕ್ಷೇಪವಲ್ಲವೇ? ಅದನ್ನು ಕ್ರೀಡೆ ಎಂದು ಪತ್ರಿಕೆಗಳು ಬರೆಯುವುದು ಸರಿಯೇ? ಅದರಿಂದ ತೂಕ ಇಳಿಯುತ್ತದೆ ಎಂಬುದು ನಿಜವೇ?
— ಪದವಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ನಮ್ಮ ದೇಶಕ್ಕೆ ಈ ಆಟ ಬಂದದ್ದೇ ಬ್ರಿಟಿಷ್ ಅಧಿಕಾರಿಗಳ ಜೊತೆ. ಕಲ್ಕತ್ತೆಯ ಕ್ಲಬ್ 1829ರದು, ಬೆಂಗಳೂರಿನದು 1876ರದು. ‘ಪುಟ್ಟ ಇಂಗ್ಲೆಂಡ್’ ಎನಿಸಿಕೊಂಡಿದ್ದ ಕೆಜಿಎಫ್‌ನಲ್ಲಿ ಗಣಿಯ ಸಾಹೇಬರು ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳ ನಡುವೆ ಬದುಕುತ್ತಿದ್ದಾಗ, ನೆಲದಡಿಯಲ್ಲಿ ಮೂರು ಕಿಲೋಮೀಟರ್‌ಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯ ಕಾರ್ಮಿಕರು ಲೈನುಮನೆಗಳಲ್ಲಿದ್ದರು. ಆದರೆ ಆಟ ಹುಟ್ಟಿದ ಸ್ಕಾಟ್ಲೆಂಡಿನಲ್ಲಿ ಕಥೆ ಬೇರೆ. ಅಲ್ಲಿ ಸಾಮಾನ್ಯ ಜನ ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಗಾಲ್ಫ್ ಆಡುತ್ತಾರೆಂದು 1457ರಲ್ಲಿ ಅಲ್ಲಿನ ಸಂಸತ್ತು ಆಟವನ್ನೇ ನಿಷೇಧಿಸಿತ್ತು. ಆಳುವವರಿಗೆ ಗಾಲ್ಫ್‌ನ ಮೇಲೆ ಸಿಟ್ಟಿದ್ದ ಕಾಲ ಅದು. ಆಳುವವರೇ ಗಾಲ್ಫ್ ಆಡುವ ಕಾಲ ಆಮೇಲೆ ಬಂತು, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಶ್ವೇತಭವನದ ಹುಲ್ಲಿನ ಮೇಲೆಯೇ ಪಟ್ಟಿಂಗ್ (ಚೆಂಡನ್ನು ರಂಧ್ರದತ್ತ ಮೆಲ್ಲಗೆ ಉರುಳಿಸುವ) ಅಭ್ಯಾಸಕ್ಕೆ ಜಾಗ ಮಾಡಿಸಿಕೊಂಡರು.

ಕ್ರೀಡೆಯೇ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಉತ್ತರ ಕೊಟ್ಟಾಗಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಕೆ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಆ ಶನಿವಾರದ ಬೆಳಿಗ್ಗೆ, ‘ಬೋಗಿ’ ಎಂದರೇನೆಂದು ಗೊತ್ತಿಲ್ಲದವರೂ ಟೀವಿಯ ಮುಂದೆ ಕುಳಿತಿದ್ದರು. ಹೋಲಿನ ವ್ಯಾಸ 108 ಮಿಲಿಮೀಟರ್, ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ಅಷ್ಟು ಸಣ್ಣ ಗುರಿಯನ್ನು ನೂರಾರು ಮೀಟರ್ ದೂರದಿಂದ ನಾಲ್ಕೇ ಹೊಡೆತಗಳಲ್ಲಿ ಮುಟ್ಟುವುದು ಕಾಲಕ್ಷೇಪದ ಕೆಲಸವಲ್ಲ. ಬಿಡದಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದ ಚಿಕ್ಕರಂಗಪ್ಪ ಅವರನ್ನೂ ನೆನೆಯಬೇಕು. ಅಂಥ ಉದಾಹರಣೆಗಳು ತೀರ ಕಡಿಮೆ ಎಂಬುದನ್ನೂ ಒಪ್ಪಿಕೊಳ್ಳೋಣ.

ತೂಕದ ವಿಷಯದಲ್ಲಿ ನೋಡುವುದಾದರೆ, 18 ಹೋಲುಗಳ ಮೈದಾನವನ್ನು ನಡೆದೇ ಮುಗಿಸಿದರೆ ಚೆಂಡು ಹುಡುಕುವ ಅಡ್ಡದಾರಿಯೂ ಸೇರಿ ಸುಮಾರು 8ರಿಂದ 10 ಕಿಲೋಮೀಟರ್ ಆಗುತ್ತದೆ. ಬ್ಯಾಟರಿ ಗಾಡಿಯಲ್ಲಿ ಕೂತು ಹೋದರೆ, ಚೀಲವನ್ನು ಕ್ಯಾಡಿ ಹೊತ್ತರೆ, ಆಟ ಮುಗಿದ ಮೇಲೆ ಕ್ಲಬ್ಬಿನಲ್ಲಿ ಕರಿದ ಕೋಳಿ ಮತ್ತು ಬಿಯರ್ ಬಂದರೆ, ಇಳಿಯುವುದು ಕ್ಯಾಡಿಯ ತೂಕ ಮಾತ್ರ. ವಾರಕ್ಕೆ 150ರಿಂದ 300 ನಿಮಿಷಗಳ ಚುರುಕು ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಪೂರೈಸಲು ನಿಮಗೆ ಗಾಲ್ಫ್ ಬೇಕಿಲ್ಲ, ನಿಮ್ಮ ಊರಿನ ಅಮಾನಿಕೆರೆಯ ನಡಿಗೆಯ ಹಾದಿ ಸಾಕು. ರಜೆಯ ದಿನ ದೇವರಾಯನದುರ್ಗ ಹತ್ತಿದರೆ ಇನ್ನೂ ಒಳ್ಳೆಯದು.

ನಮ್ಮ ನಿಜವಾದ ತಕರಾರು ನೀರಿನದು. ಸದಾ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಡಿ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಕೋಲಾರ ಜಿಲ್ಲೆಯಲ್ಲಿ, ವರ್ಷವಿಡೀ ಹಸಿರಾಗಿರಬೇಕಾದ ಹುಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಯಾವ ಹೊಸ ಬಡಾವಣೆಯ ಜಾಹೀರಾತು ‘ಗಾಲ್ಫ್ ನೋಟದ ವಿಲ್ಲಾ’ ಎಂದು ಬಂದರೂ ಸ್ಥಳೀಯ ಪತ್ರಕರ್ತರು ಕೇಳಲೇಬೇಕು. ಕೊಳವೆಬಾವಿ ಎಂಬ ಉತ್ತರ ಬಂದರೆ ಎಷ್ಟು ಅಡಿ, ಯಾರ ಅನುಮತಿ ಎಂದು ಮುಂದಿನ ಪ್ರಶ್ನೆ ಕೇಳಬೇಕು.

ಪ್ರಶ್ನೆ: ನಾನು ದ್ರಾಕ್ಷಿ ಬೆಳೆಗಾರ. ಚುನಾವಣೆ ಬಂತೆಂದರೆ ಒಂದೇ ಸಭೆಯನ್ನು ಒಂದು ಚಾನೆಲ್ ಜನಸಾಗರ ಎನ್ನುತ್ತದೆ, ಇನ್ನೊಂದು ಖಾಲಿ ಕುರ್ಚಿ ತೋರಿಸುತ್ತದೆ. ಪತ್ರಿಕೆಯಲ್ಲಿ ಒಬ್ಬ ಅಭ್ಯರ್ಥಿಯ ಹೊಗಳಿಕೆ ಸುದ್ದಿಯಂತೆ ಬಂದರೆ ಅದು ದುಡ್ಡು ಕೊಟ್ಟು ಹಾಕಿಸಿದ್ದೇ ಎಂದು ತಿಳಿಯುವುದು ಹೇಗೆ? ತಿಳಿದರೂ ನಮ್ಮಂಥವರು ಏನು ಮಾಡಬಹುದು?
— ಓದುಗರೊಬ್ಬರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಕಾಸಿನ ಸುದ್ದಿಯನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಒಂದೇ ಒಕ್ಕಣೆಯ ಬರಹ ಬೇರೆಬೇರೆ ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬರುವುದು, ವರದಿಗಾರನ ಹೆಸರಿಲ್ಲದಿರುವುದು, ಎದುರಾಳಿಯ ಸುಳಿವೇ ಇಲ್ಲದಿರುವುದು, ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳೂ ಗೆಲ್ಲುವುದು ಖಚಿತ ಎಂದಿರುವುದು. ಕೊನೆಯದು ಹಾಸ್ಯದಂತೆ ಕಂಡರೂ ಚುನಾವಣೆಯ ದಿನಗಳಲ್ಲಿ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವವರಿಗೆ ಹೊಸದಲ್ಲ.

ಇದಕ್ಕೆ ವ್ಯವಸ್ಥೆಯಲ್ಲಿ ಪರಿಹಾರವೇ ಇಲ್ಲವೆಂದಲ್ಲ. ಪ್ರತಿ ಜಿಲ್ಲೆಯಲ್ಲಿಯೂ ಚುನಾವಣೆಯ ಸಮಯದಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಟೀವಿಯ ರಾಜಕೀಯ ಜಾಹೀರಾತಿಗೆ ಅದರ ಪೂರ್ವಾನುಮತಿ ಬೇಕು. ಒಂದು ಬರಹ ಕಾಸಿನ ಸುದ್ದಿ ಎಂದು ಸಮಿತಿ ತೀರ್ಮಾನಿಸಿದರೆ ಅದಕ್ಕೆ ತಗಲಬಹುದಾಗಿದ್ದ ಜಾಹೀರಾತು ವೆಚ್ಚವನ್ನು ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಸೇರಿಸಲಾಗುತ್ತದೆ. ನಮ್ಮ ರಾಜ್ಯದಲ್ಲಿ ಆ ಖರ್ಚಿಗೆ ಈಗಿರುವ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ಟೀವಿಯಲ್ಲಿ ಪ್ರಚಾರ ಸಾಮಗ್ರಿ ತೋರಿಸುವಂತಿಲ್ಲ, ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಪ್ರಕಟಿಸುವಂತಿಲ್ಲ. ಹೀಗಾಗಿ ಪತ್ರಿಕೆಯ ತುಣುಕನ್ನು ದಿನಾಂಕ ಕಾಣುವಂತೆ ಕತ್ತರಿಸಿಟ್ಟು ಜಿಲ್ಲಾ ಚುನಾವಣಾಧಿಕಾರಿಗಳ ಕಚೇರಿಗೆ ದೂರು ಕೊಡುವುದು ನಿಮ್ಮ ಕೈಯಲ್ಲಿರುವ ಕೆಲಸ.

ಇನ್ನೂ ಒಂದಿದೆ, ಅದು ಬಹಳ ಜನಕ್ಕೆ ತಿಳಿದಿಲ್ಲ. ಫಲಿತಾಂಶ ಬಂದ 30 ದಿನಗಳೊಳಗೆ ಪ್ರತಿ ಅಭ್ಯರ್ಥಿಯೂ ತನ್ನ ಖರ್ಚಿನ ಲೆಕ್ಕವನ್ನು ಸಲ್ಲಿಸಲೇಬೇಕು. ಸಕಾರಣವಿಲ್ಲದೆ ಸಲ್ಲಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಚುನಾವಣಾ ನಿಯಮಗಳ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಆ ಲೆಕ್ಕವನ್ನು ನೋಡಬಹುದು. ಶಾಮಿಯಾನ, ಕುರ್ಚಿ, ಬಾಡಿಗೆ ವಾಹನ, ಊಟ, ಹೂವಿನ ಹಾರ ಎಂದು ಬಾಬ್ತುವಾರು ಬರೆದಿರುತ್ತಾರೆ. ನಿಮ್ಮ ಕಡೆಯ ಹೂವಿನ ಮಾರುಕಟ್ಟೆಯಲ್ಲಿ ಆ ವಾರ ಸೇಬಿನ ಹಾರವೋ ಸುಗಂಧರಾಜದ ದೊಡ್ಡ ಹಾರವೋ ಎಷ್ಟಕ್ಕೆ ಹೋಗುತ್ತಿತ್ತು ಎಂಬುದು ನಿಮಗೆ ಗೊತ್ತು, ಕ್ರೇನಿನಲ್ಲಿ ಎತ್ತಿ ಹಾಕಿದ ಹಾರ ಎಷ್ಟೆಂದು ಲೆಕ್ಕದಲ್ಲಿ ಬರೆದಿದ್ದಾರೆ ಎಂಬುದನ್ನು ಒಂದು ರೂಪಾಯಿಗೆ ನೋಡಬಹುದು. ಇದಕ್ಕಿಂತ ಅಗ್ಗದ ಮನರಂಜನೆ ನಮಗೆ ಗೊತ್ತಿಲ್ಲ. ಹಾಗೆಯೇ ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಮೊಕದ್ದಮೆಗಳ ವಿವರವಿರುತ್ತದೆ. ಅದರ ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ ಮೇಲೆ ‘ಇಲ್ಲ’ ಎನ್ನುವುದಾದರೂ ‘ಇಲ್ಲ’ ಎಂದು ಬರೆದೇ ಸಹಿ ಮಾಡಬೇಕಾಗಿದೆ.

ಜನಸಾಗರ ಮತ್ತು ಖಾಲಿ ಕುರ್ಚಿಯ ವಿಷಯ. ಎರಡೂ ದೃಶ್ಯಗಳು ನಿಜವಾಗಿರಬಹುದು. ಕ್ಯಾಮೆರಾ ಎಲ್ಲಿ ನಿಂತಿತ್ತು, ಸಭೆ ಶುರುವಾಗುವ ಎಷ್ಟು ಹೊತ್ತಿಗೆ ಮುಂಚೆ ತೆಗೆದದ್ದು ಎಂಬುದನ್ನು ಹೇಳದಿರುವುದರಲ್ಲಿ ಅಡಗಿದೆ ಸುಳ್ಳು. ನೇರಪ್ರಸಾರದ ಹಕ್ಕು ಕೊಡುವವರು ಮಾತನ್ನೂ ಹಿಡಿತದಲ್ಲಿಡುತ್ತಾರೆ ಎಂಬುದಕ್ಕೆ ಗಾಲ್ಫ್‌ನಿಂದಲೇ ಒಂದು ಪ್ರಸಂಗವಿದೆ. 1966ರ ಮಾಸ್ಟರ್ಸ್ ಪ್ರಸಾರದಲ್ಲಿ ಜ್ಯಾಕ್ ವಿಟೇಕರ್ ಎಂಬ ವೀಕ್ಷಕ ವಿವರಣೆಗಾರ, ಹೋಲಿನ ಸುತ್ತಲ ಹುಲ್ಲುಹಾಸಿನತ್ತ ನುಗ್ಗಿದ ಪ್ರೇಕ್ಷಕರನ್ನು ‘ಗುಂಪು’ ಎಂದು ತುಸು ಒರಟಾಗಿ ಕರೆದದ್ದಕ್ಕೆ ಆಗಸ್ಟಾ ಕ್ಲಬ್ಬಿನ ಆಡಳಿತದವರು ಮುನಿಸಿಕೊಂಡು, ಮುಂದಿನ ಕೆಲವು ವರ್ಷ ವಿಟೇಕರ್ ಆ ಪಂದ್ಯದ ಪ್ರಸಾರದಲ್ಲಿ ಕಾಣಿಸಿಕೊಳ್ಳಲಿಲ್ಲ. ಆಟದ ಮೈದಾನದಲ್ಲಿಯೇ ಹೀಗಾದರೆ ಸರ್ಕಾರಿ ಜಾಹೀರಾತನ್ನು ನಂಬಿ ನಡೆಯುವ ಸಣ್ಣ ಪತ್ರಿಕೆಯ ಸಂಪಾದಕನ ಪಾಡು ಊಹಿಸಿಕೊಳ್ಳಿ. ಪಕ್ಕದ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಿಕೋದ್ಯಮಿಯೂ ಆಗಿದ್ದರು, ಶಾಸನ ಪರಿಷತ್ತಿನ ಸದಸ್ಯರೂ ಆಗಿದ್ದರು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಂದಿಗೂ ಇದೆ. ಎರಡೂ ಕಡೆ ಇದ್ದು ಎರಡನ್ನೂ ಪ್ರಶ್ನಿಸಿದ ಅಂಥವರು ಈ ಸೀಮೆಯಲ್ಲಿಯೇ ಇದ್ದರು ಎಂಬುದು ನೆನಪಿರಲಿ.

ಪ್ರಶ್ನೆ: ಮೂವತ್ತೆಂಟು ವರ್ಷದ ಗೃಹಿಣಿ. ತೂಕ ಇಳಿಸಲು ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣಲು ಶುರುಮಾಡಿದೆ. ಮೊದಲ ವಾರಗಳಲ್ಲಿ ಸರಸರನೆ ಇಳಿದ ತೂಕ ಈಗ ನಿಂತುಬಿಟ್ಟಿದೆ. ರಾಗಿ ತಿಂದರೆ ತೂಕ ಏರುವುದೇ ಇಲ್ಲ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಾದಿನಿ ಇಂಜೆಕ್ಷನ್ ತೆಗೆದುಕೋ ಎನ್ನುತ್ತಾಳೆ. ಏನು ಮಾಡಲಿ?
— ಸಹೋದರಿಯೊಬ್ಬರು, ಗೌರಿಬಿದನೂರು

ಉತ್ತರ: ಮೊದಲ ವಾರಗಳಲ್ಲಿ ಇಳಿದದ್ದರಲ್ಲಿ ದೊಡ್ಡ ಪಾಲು ನೀರು. ಊಟ ಕಡಿಮೆಯಾದಾಗ ದೇಹ ಮೊದಲು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಕರಗಿಸುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಆಮೇಲೆ ಕರಗಬೇಕಾದದ್ದು ಕೊಬ್ಬು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ ಅದು ನಿಧಾನವಾಗಿಯೇ ಆಗುವ ಕೆಲಸ. ತೂಕ ನಿಂತಿದೆ ಎಂದರೆ ನಿಮ್ಮ ಪ್ರಯತ್ನ ಕೆಟ್ಟಿದೆ ಎಂದಲ್ಲ, ನಿಜವಾದ ಲೆಕ್ಕ ಈಗ ಶುರುವಾಗಿದೆ ಎಂದು.

ರಾಗಿಯ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಕೆಟ್ಟ ಮಾತಾಡಿದರೆ ಊಟಕ್ಕೆ ಕರೆಯುವವರು ಸಿಗುವುದಿಲ್ಲ, ಆದರೂ ಹೇಳಬೇಕಾದದ್ದನ್ನು ಹೇಳುತ್ತೇವೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ಅದರ ನಾರಿನಲ್ಲಿ ಮತ್ತು ನೂರು ಗ್ರಾಮಿಗೆ 340 ಮಿಲಿಗ್ರಾಮಿಗೂ ಮೀರಿದ ಸುಣ್ಣದಂಶದಲ್ಲಿ. ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ, ಸರಿ. ಆದರೆ ತೂಕ ಏರುವುದೇ ಇಲ್ಲ ಎಂಬುದು ವಾಟ್ಸ್ಆ್ಯಪ್‌ನ ಮಾತು.

ಒಂದು ದಿನ ಹೀಗೆ ಮಾಡಿ. ಎಸರಿಗೆ ಹಾಕುವ ಮುಂಚೆ ಹಿಟ್ಟನ್ನು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ, ಮುದ್ದೆ ಕಟ್ಟಿದ ಮೇಲೆ ಎಷ್ಟು ಮುದ್ದೆಯಾಯಿತೆಂದು ಎಣಿಸಿ ಭಾಗಿಸಿ. ಕೈ ಒದ್ದೆ ಮಾಡಿಕೊಂಡು ಅಂದಾಜಿನಲ್ಲಿ ಕಟ್ಟುವ ಮುದ್ದೆ ಒಬ್ಬರ ಮನೆಯಲ್ಲಿ ನಿಂಬೆಗಿಂತ ತುಸು ದೊಡ್ಡದಿದ್ದರೆ ಇನ್ನೊಬ್ಬರ ಮನೆಯಲ್ಲಿ ತೆಂಗಿನಕಾಯಿಯಷ್ಟಿರುತ್ತದೆ; ಎರಡನ್ನೂ ‘ಒಂದು ಮುದ್ದೆ’ ಎಂದೇ ಹೇಳುತ್ತಾರೆ. ನಿಮ್ಮದು ಎಷ್ಟು ಗ್ರಾಮಿನದು ಎಂದು ಗೊತ್ತಾದ ಮೇಲೆ ಸಾರಿಗೆ ಬನ್ನಿ. ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು ಇದ್ದರೆ ಯೋಚನೆಯಿಲ್ಲ, ಹಿತಕಿದ ಬೇಳೆಯ ಸಾರೂ ಒಳ್ಳೆಯದೇ, ಅವರೆ ಬಿಡಬೇಕಾಗಿಲ್ಲ. ಮೇಲೆ ಬೀಳುವ ತುಪ್ಪ ಒಂದು ಚಮಚಕ್ಕೆ ಸುಮಾರು 45 ಕ್ಯಾಲೊರಿ. ಒಗ್ಗರಣೆಯ ಎಣ್ಣೆಗೂ ಅಷ್ಟೇ. ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಲಾರದೆ ತಿನ್ನುವುದು, ಸಂಜೆ ಕಾಫಿಯ ಜೊತೆಗಿನ ನಿಪ್ಪಟ್ಟು, ನೆಂಟರ ಮನೆಯ ಒಬ್ಬಟ್ಟು, ಇವು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಬಂಗಾರಪೇಟೆಯ ಓದುಗರಿಗೆ ಹೇಳಿದ ಮುಲ್ಲಿಗನ್‌ಗಳು ಇವೇ. ತಿನ್ನಬೇಡಿ ಎನ್ನುವುದಿಲ್ಲ, ಒಂದು ವಾರ ಬರೆದು ನೋಡಿ.

ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆಯಿರಿ. ಭಾರತೀಯ ಮಹಿಳೆಯರಿಗೆ 80, ಪುರುಷರಿಗೆ 90 ಸೆಂಟಿಮೀಟರ್ ಮೀರಿದರೆ ಎಚ್ಚರ ಬೇಕೆಂದು ವೈದ್ಯರು ಹೇಳುತ್ತಾರೆ. ದೇಹತೂಕ ಸೂಚ್ಯಂಕವೂ (ಬಿಎಂಐ, ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ನಮ್ಮವರಿಗೆ 23ರ ಮೇಲೆ ಅಧಿಕ, 25ರ ಮೇಲೆ ಬೊಜ್ಜು ಎಂದು ಲೆಕ್ಕ. ತೂಕ ಬಹಳ ದಿನ ಅಲ್ಲಾಡದಿದ್ದರೆ ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಮಾಡಿಸಿ.

ಇಂಜೆಕ್ಷನ್ ಬಗ್ಗೆ: ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಚುಚ್ಚುಮದ್ದುಗಳು 2025ರಲ್ಲಿ ತೂಕ ಇಳಿಸುವ ಔಷಧಿಗಳಾಗಿ ನಮ್ಮ ಮಾರುಕಟ್ಟೆಗೆ ಬಂದಿವೆ. ಕೆಲಸ ಮಾಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂದದ್ದು ಸೆಮಾಗ್ಲುಟೈಡ್‌ನ ಪ್ರಯೋಗದಲ್ಲಿಯೇ ಕಂಡಿದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಗರ್ಭಧಾರಣೆಯ ಯೋಚನೆಯಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಾದಿನಿಯವರ ಸಲಹೆಯನ್ನು ವೈದ್ಯರ ಮುಂದಿಡಿ, ತೀರ್ಮಾನ ಅವರದಾಗಲಿ.

ಪ್ರಶ್ನೆ: ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಟೀವಿಯ ರಾಜಕೀಯ ಚರ್ಚೆ. ಅಪ್ಪನಿಗೂ ನನಗೂ ಜಗಳವಾಗಿ ಊಟವೂ ಹೆಚ್ಚಾಗುತ್ತಿದೆ. ಉಪಾಯ ಹೇಳಿ.
— ಯುವಕ, ಶಿರಾ

ಉತ್ತರ: ಪರದೆ ನೋಡುತ್ತ ಉಂಡವರು ಎಷ್ಟು ಉಂಡೆವೆಂಬುದನ್ನು ಮರೆತು ಹೆಚ್ಚು ತಿನ್ನುತ್ತಾರೆ ಎಂಬುದು ಸಂಶೋಧಕರು ಕಂಡುಕೊಂಡ ಸಂಗತಿ. ಊಟ ಎಂಟಕ್ಕೆ, ಚರ್ಚೆ ಒಂಬತ್ತಕ್ಕೆ ಎಂದು ತಂದೆಯವರೊಡನೆ ಒಪ್ಪಂದ ಮಾಡಿಕೊಳ್ಳಿ. ಜಗಳವನ್ನು ಮುಂದುವರಿಸಬಹುದು, ತಟ್ಟೆ ತೊಳೆದಿಟ್ಟ ಮೇಲೆ.

ಪ್ರಶ್ನೆ: ಮನೆಯ ಡಿಜಿಟಲ್ ತೂಕದ ಯಂತ್ರ ಒಂದೊಂದು ಹೊತ್ತಿಗೆ ಒಂದೊಂದು ತೂಕ ತೋರಿಸುತ್ತದೆ. ಗಾಲ್ಫ್‌ನಲ್ಲಿ ಆಟಗಾರನ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ತೆಗೆಯುವಂತೆ ತೂಕಕ್ಕೂ ಒಂದು ಸೂತ್ರವಿದೆಯೇ? ಯಂತ್ರ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಮಾಲೂರು

ಉತ್ತರ: ಹ್ಯಾಂಡಿಕ್ಯಾಪ್‌ನ ಸೂತ್ರವನ್ನು ಇಲ್ಲಿಗೆ ತರಬೇಡಿ. 2020ರಿಂದ ಜಾರಿಯಲ್ಲಿರುವ ವಿಶ್ವ ಪದ್ಧತಿಯಲ್ಲಿ ಕೊನೆಯ 20 ಆಟಗಳಲ್ಲಿ ಅತ್ಯುತ್ತಮ 8ನ್ನು ಆರಿಸಿ ಸರಾಸರಿ ತೆಗೆಯುತ್ತಾರೆ, ಏಕೆಂದರೆ ಅಲ್ಲಿ ತಿಳಿಯಬೇಕಾದದ್ದು ಆಟಗಾರನ ಕೈಲಾಗುವ ಆಟ. ತೂಕದಲ್ಲಿ ಕಡಿಮೆ ಬಂದ ದಿನಗಳನ್ನಷ್ಟೇ ಆರಿಸಿಕೊಂಡರೆ ಅದು ಕಾಸಿನ ಸುದ್ದಿಯಾಗುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮುನ್ನ, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಯಂತ್ರವಿಟ್ಟು ತೂಗಿ. ಚಾಪೆ, ಕಾರ್ಪೆಟ್ಟುಗಳ ಮೇಲಿಟ್ಟರೆ ಅಂಕಿ ನಂಬುವಂತಿರುವುದಿಲ್ಲ. ಏಳು ದಿನಗಳ ಎಲ್ಲ ಅಂಕಿಗಳನ್ನೂ ಕೂಡಿಸಿ ಏಳರಿಂದ ಭಾಗಿಸಿ, ಹಿಂದಿನ ವಾರದ ಸರಾಸರಿಯೊಡನೆ ಹೋಲಿಸಿ. ಹಿಂದಿನ ರಾತ್ರಿಯ ಉಪ್ಪಿನಕಾಯಿಯಿಂದ ಮರುದಿನ ಏರಿದ ಅರ್ಧ ಕಿಲೋ ಅದರಲ್ಲಿ ಕರಗಿಹೋಗುತ್ತದೆ.

ಯಂತ್ರವನ್ನು ಪರೀಕ್ಷಿಸಲು ಅಡುಗೆ ಅನಿಲದ ಹೊಸ ಸಿಲಿಂಡರ್ ಬಂದ ದಿನ ಸೀಲು ತೆಗೆಯುವ ಮುನ್ನ ಅದನ್ನು ಯಂತ್ರದ ಮೇಲಿಡಿ. ಸಿಲಿಂಡರಿನ ಮೈಮೇಲೆ ಖಾಲಿ ತೂಕವನ್ನು ಬರೆದಿರುತ್ತಾರೆ, ಅದಕ್ಕೆ ಅನಿಲದ 14.2 ಕಿಲೋ ಕೂಡಿಸಿದರೆ ಬರಬೇಕಾದ ಅಂಕಿ ಸಿಗುತ್ತದೆ. ಕಡಿಮೆ ಬಂದರೆ ಯಂತ್ರವನ್ನು ಬೈಯುವ ಮುಂಚೆ ಹೊಲಿಗೆ ಬಿಚ್ಚದ 25 ಕಿಲೋ ಅಕ್ಕಿ ಮೂಟೆಯೊಂದನ್ನು ಇಟ್ಟು ನೋಡಿ. ಮೂಟೆ ಸರಿಯಾಗಿ ತೂಗಿ ಸಿಲಿಂಡರ್ ಮಾತ್ರ ಕಡಿಮೆ ತೂಗಿದರೆ, ತಂದುಕೊಟ್ಟವರನ್ನು ಅಲ್ಲಿಯೇ ನಿಲ್ಲಿಸಿ ಅವರ ಬಳಿ ಇರಬೇಕಾದ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿಕೊಳ್ಳಿ. ಹಾಗೆ ಕೇಳುವುದು ಗ್ರಾಹಕರ ಹಕ್ಕು.